ಸೈಬರ್ ಸುರಕ್ಷತೆ ಮತ್ತು ವಿಶ್ವಾಸಾರ್ಹ ಕೃತಕ ಬುದ್ಧಿಮತ್ತೆ: ದಾವಣಗೆರೆ, ಚಿತ್ರದುರ್ಗದ ಸಂಶೋಧನಾರ್ಥಿಗಳಿಗೆ ವಿಷಯಗಳ ಹೋಲಿಕೆ

ಎಂ.ಟೆಕ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ವಿಷಯ ನೋಂದಾಯಿಸುವ ದಿನಗಳಲ್ಲಿ ಪ್ರತಿ ವರ್ಷವೂ ನನ್ನ ಮೇಜಿನ ಮೇಲೆ ಹತ್ತು ಹನ್ನೆರಡು ಸಾರಾಂಶಗಳು ಬಂದು ಸೇರುತ್ತವೆ. ಈಚೆಗೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸೈಬರ್ ಸುರಕ್ಷತೆಯೂ ಕೃತಕ ಬುದ್ಧಿಮತ್ತೆಯೂ ಕೂಡುವ ಜಾಗದವು. ದಾವಣಗೆರೆ ಮತ್ತು ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ. ಮುಗಿಸಬೇಕೆಂದಿರುವ ಕಿರಿಯ ಉಪನ್ಯಾಸಕರ ಒಲವೂ ಇದೇ ಕಡೆಗಿದೆ. ಒಲವು ಸರಿಯಾದದ್ದೇ. ಆದರೆ ಈ ಹೆಸರಿನ ಅಡಿಯಲ್ಲಿ ಕನಿಷ್ಠ ಆರು ಬೇರೆ ಬೇರೆ ಕೆಲಸಗಳಿವೆ, ಅವುಗಳಿಗೆ ಬೇಕಾದ ಗಣಿತ, ಯಂತ್ರ, ದತ್ತಾಂಶ ಮತ್ತು ತಾಳ್ಮೆ ಒಂದಕ್ಕೊಂದು ಹೊಂದುವುದಿಲ್ಲ, ಮತ್ತು ತಪ್ಪು ವಿಷಯ ಹಿಡಿದವರು ಎರಡನೆಯ ವರ್ಷದಲ್ಲಿ ಬಂದು ಕಷ್ಟ ಹೇಳಿಕೊಳ್ಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಹಾಗಾಗಿ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಈ ಬರಹ.

ನಾನು ಎಲ್ಲ ವಿಷಯಗಳಿಗೂ ಹಿಡಿಯುವ ಅಳತೆಗೋಲು ಒಂದೇ. ನಿಮ್ಮ ಫಲಿತಾಂಶ ತಪ್ಪಾಗಿದ್ದರೆ, ಅದು ತಪ್ಪೆಂದು ನಿಮ್ಮದೇ ಲ್ಯಾಬಿನಲ್ಲಿ, ನಿಮ್ಮ ಕೈಯಲ್ಲಿರುವ ಸಲಕರಣೆಗಳಿಂದಲೇ ನಿಮಗೆ ಗೊತ್ತಾಗುತ್ತದೆಯೇ? ಸುರಕ್ಷತೆಯ ಸಂಶೋಧನೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ, ಏಕೆಂದರೆ ಇಲ್ಲಿ ಎದುರಾಳಿ ಸುಮ್ಮನೆ ಕೂರುವುದಿಲ್ಲ. ನೀವು ಪರೀಕ್ಷಿಸದೆ ಬಿಟ್ಟ ಜಾಗವನ್ನೇ ಅವನು ಹುಡುಕುತ್ತಾನೆ.

ಮೊದಲ ಕವಲು

ಕೃತಕ ಬುದ್ಧಿಮತ್ತೆಯನ್ನು ಬಳಸಿ ಜಾಲವನ್ನೋ ಫೋನನ್ನೋ ಕಾಯುವುದು ಒಂದು ಕೆಲಸ. ಆ ಕೃತಕ ಬುದ್ಧಿಮತ್ತೆಯೇ ಮೋಸಹೋಗದಂತೆ, ಕಲಿತ ಗುಟ್ಟನ್ನು ಹೊರಗೆ ಬಿಡದಂತೆ ಕಾಯುವುದು ಇನ್ನೊಂದು ಕೆಲಸ. ಸಾರಾಂಶಗಳಲ್ಲಿ ಇವೆರಡೂ ಬೆರೆತುಹೋಗಿರುತ್ತವೆ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2023ರ ಜನವರಿಯಲ್ಲಿ ಹೊರತಂದ ಚೌಕಟ್ಟಿನಲ್ಲಿ ವಿಶ್ವಾಸಾರ್ಹ ವ್ಯವಸ್ಥೆಗೆ ಏಳು ಗುಣಗಳನ್ನು ಹೇಳಿದೆ: ಸರಿಯಾಗಿ ಮತ್ತು ಭರವಸೆಯಿಂದ ಕೆಲಸ ಮಾಡುವುದು, ಅಪಾಯ ತರದಿರುವುದು, ದಾಳಿಯನ್ನು ತಾಳಿಕೊಳ್ಳುವುದು, ಹೊಣೆಗಾರಿಕೆ ಮತ್ತು ಪಾರದರ್ಶಕತೆ, ವಿವರಿಸಲು ಬರುವುದು, ಖಾಸಗಿತನ ಕಾಯುವುದು, ಹಾನಿಕರ ಪಕ್ಷಪಾತವನ್ನು ಹತೋಟಿಯಲ್ಲಿಟ್ಟು ನ್ಯಾಯವಾಗಿರುವುದು. ಏಳನ್ನೂ ಒಂದೇ ಪ್ರಬಂಧದಲ್ಲಿ ಹಿಡಿಯುತ್ತೇನೆಂಬ ಸಾರಾಂಶ ಬಂದರೆ ನಾನು ಹಿಂದಿರುಗಿಸುತ್ತೇನೆ. ಒಂದನ್ನು ಹಿಡಿಯಿರಿ; ಉಳಿದವು ನಿಮ್ಮ ಕೆಲಸದಿಂದ ಕೆಡುತ್ತವೆಯೇ ಎಂಬುದನ್ನು ಒಂದು ಅಧ್ಯಾಯದಲ್ಲಿ ನೋಡಿದರೆ ಸಾಕು.

ಜಾಲದ ದಾಳಿ ಪತ್ತೆಹಚ್ಚುವ ವಿಷಯ: ಸುಲಭವಾಗಿ ಕಾಣುವುದು, ಸುಲಭವಲ್ಲ

ನನ್ನ ಮೇಜಿಗೆ ಅತಿ ಹೆಚ್ಚು ಬರುವುದು ಇದೇ. ದತ್ತಾಂಶ ಉಚಿತವಾಗಿ ಸಿಗುತ್ತದೆ, ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕಾಗುತ್ತದೆ, ಮೂರು ತಿಂಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸರಿ ಎಂಬ ಅಂಕಿ ಪರದೆಯ ಮೇಲೆ ಬರುತ್ತದೆ. ಆ ಅಂಕಿಯನ್ನು ನಂಬಿ ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದ ಒಬ್ಬ ವಿದ್ಯಾರ್ಥಿನಿ ದತ್ತಾಂಶದಿಂದ ಕಲಿತು ದಾಳಿ ಗುರುತಿಸುವ ಇಂಥದೇ ಮಾದರಿಯನ್ನು (ಮಾಡೆಲ್) ಕಟ್ಟಿದರು; ಫಲಿತಾಂಶ ಚೆನ್ನಾಗಿತ್ತು, ಸಮ್ಮೇಳನವೊಂದರಲ್ಲಿ ಮಂಡಿಸಿದೆವು. ಮರುವರ್ಷ ಅನುಮತಿ ಪಡೆದು ಅದನ್ನೇ ನಮ್ಮ ಲ್ಯಾಬಿನ ಸ್ವಿಚ್ಚಿಗೆ ಜೋಡಿಸಿ ನೋಡಿದಾಗ, ಪ್ರಾಕ್ಟಿಕಲ್ ಪರೀಕ್ಷೆಯ ಬೆಳಗ್ಗೆ ಅರವತ್ತು ಕಂಪ್ಯೂಟರುಗಳು ಒಟ್ಟಿಗೆ ಲಾಗಿನ್ ಆದದ್ದನ್ನು ಅದು ದಾಳಿಯೆಂದು ಕೂಗಿತು. ನಾವೇ ಬೇಕೆಂದು ನಡೆಸಿದ ಪೋರ್ಟ್ ಸ್ಕ್ಯಾನನ್ನು (ಯಂತ್ರದಲ್ಲಿ ತೆರೆದಿರುವ ದಾರಿಗಳನ್ನು ಹುಡುಕುವ ತಡಕಾಟ) ಮಾತ್ರ ಸಹಜವೆಂದು ಬಿಟ್ಟಿತು. ಕಾರಣ ಹುಡುಕಲು ಎರಡು ವಾರ ಹಿಡಿಯಿತು. ದತ್ತಾಂಶವನ್ನು ನಾವು ಇಸ್ಪೀಟು ಕಲೆಸಿದಂತೆ ಕಲೆಸಿ ಕಲಿಕೆಗೂ ಪರೀಕ್ಷೆಗೂ ಹಂಚಿದ್ದೆವು. ಒಂದೇ ದಾಳಿಯ ಸಾವಿರಾರು ಸಾಲುಗಳು ಎರಡೂ ಕಡೆ ಬಿದ್ದಿದ್ದವು. ಮಾದರಿ ದಾಳಿಯನ್ನು ಕಲಿತಿರಲಿಲ್ಲ, ಆ ಸಾಲುಗಳನ್ನು ಬಾಯಿಪಾಠ ಮಾಡಿತ್ತು.

ಇದು ನಮ್ಮೊಬ್ಬರ ತಪ್ಪಲ್ಲ ಎಂಬುದು ಆಮೇಲೆ ಓದಿದಾಗ ತಿಳಿಯಿತು. ಇಂದಿಗೂ ಸಾರಾಂಶಗಳಲ್ಲಿ ಕಾಣುವ ಕೆಡಿಡಿ ಕಪ್ 99 ದತ್ತಾಂಶ 1998ರಲ್ಲಿ ಕೃತಕವಾಗಿ ಸೃಷ್ಟಿಸಿದ ಜಾಲಸಂಚಾರದಿಂದ ಬಂದದ್ದು. 2009ರಲ್ಲಿ ಅದನ್ನು ಜಾಲಿಸಿ ನೋಡಿದವರಿಗೆ ಕಲಿಕೆಯ ಭಾಗದಲ್ಲಿ ಸುಮಾರು 78%, ಪರೀಕ್ಷೆಯ ಭಾಗದಲ್ಲಿ ಸುಮಾರು 75% ಸಾಲುಗಳು ಬರೀ ಪುನರಾವರ್ತನೆಯೆಂದು ಕಂಡಿತು. ಹಾಗೆ ಶುದ್ಧಗೊಳಿಸಿ ಬಂದದ್ದೇ ಎನ್‌ಎಸ್‌ಎಲ್-ಕೆಡಿಡಿ. ಇನ್ನೂ ಹೊಸದಾದ 2017ರ ಸಿ.ಐ.ಸಿ. (ಕೆನಡಾದ ಸೈಬರ್ ಸುರಕ್ಷತಾ ಸಂಸ್ಥೆ) ದತ್ತಾಂಶದಲ್ಲೂ ಯಾವ ಸಾಲು ದಾಳಿಯೆಂದು ಹೇಳುವ ಲೇಬಲ್‌ಗಳು ತಪ್ಪಿರುವುದನ್ನು ಬೇರೆಯವರು ತೋರಿಸಿದ್ದಾರೆ. 2022ರಲ್ಲಿ ಯೂಸೆನಿಕ್ಸ್ ಸೆಕ್ಯುರಿಟಿ ಸಮ್ಮೇಳನದಲ್ಲಿ ಬಂದ ಒಂದು ಅಧ್ಯಯನ, ಹಿಂದಿನ ಹತ್ತು ವರ್ಷಗಳಲ್ಲಿ ಅತ್ಯುನ್ನತ ವೇದಿಕೆಗಳಲ್ಲಿ ಪ್ರಕಟವಾದ 30 ಪ್ರಬಂಧಗಳನ್ನು ಪರಿಶೀಲಿಸಿ, ಪ್ರತಿಯೊಂದರಲ್ಲೂ ಇಂಥ ಕನಿಷ್ಠ ಮೂರು ದೋಷಗಳನ್ನು ಗುರುತಿಸಿತು.

ದತ್ತಾಂಶ ಸರಿಯಾಗಿದ್ದರೂ ಲೆಕ್ಕ ಕಾಡುತ್ತದೆ. ಒಂದು ಕಾಲೇಜಿನ ಜಾಲದಲ್ಲಿ ದಿನಕ್ಕೆ 10 ಲಕ್ಷ ಸಂಪರ್ಕಗಳು, ಅವುಗಳಲ್ಲಿ ನಿಜವಾದ ದಾಳಿ 100 ಎಂದುಕೊಳ್ಳಿ. ನಿಮ್ಮ ಮಾದರಿ 99 ದಾಳಿಗಳನ್ನು ಹಿಡಿಯುತ್ತದೆ, ಸಹಜ ಸಂಪರ್ಕಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಉಳಿದ 9,99,900ರಲ್ಲಿ ನೂರಕ್ಕೆ ಒಂದೆಂದರೆ 9,999 ಸುಳ್ಳು ಎಚ್ಚರಿಕೆಗಳು. 99 ನಿಜವನ್ನು ಹುಡುಕಲು ಜಾಲ ನೋಡಿಕೊಳ್ಳುವ ಸಿಬ್ಬಂದಿ ಹತ್ತು ಸಾವಿರ ಎಚ್ಚರಿಕೆಗಳನ್ನು ಓದಬೇಕು. ಮೂರನೆಯ ದಿನಕ್ಕೆ ಅವರು ಆ ಪರದೆಯನ್ನೇ ಮುಚ್ಚಿಡುತ್ತಾರೆ. ಜಾಲ ಸುರಕ್ಷತೆಯ ಸಂಶೋಧಕರಾದ ರಾಬಿನ್ ಸಾಮರ್ ಮತ್ತು ವರ್ನ್ ಪ್ಯಾಕ್ಸನ್ 2010ರಲ್ಲೇ ಈ ಕ್ಷೇತ್ರದ ಬಗ್ಗೆ ಇಂಥ ಎಚ್ಚರಿಕೆ ಕೊಟ್ಟಿದ್ದರು.

ಹಾಗಾದರೆ ಈ ವಿಷಯ ಬೇಡವೇ? ಬೇಕು, ಆದರೆ ಇನ್ನೊಂದು ಹೊಸ ಮಾದರಿ ಕಟ್ಟುವುದಕ್ಕಲ್ಲ. ಪ್ರಕಟವಾದ ನಾಲ್ಕೈದು ಮಾದರಿಗಳನ್ನು ಆಯ್ದು, ದತ್ತಾಂಶವನ್ನು ಕಾಲಕ್ರಮದಲ್ಲಿ ಭಾಗ ಮಾಡಿ, ಹಳೆಯದರಲ್ಲಿ ಕಲಿಸಿ ಹೊಸದರಲ್ಲಿ ಪರೀಕ್ಷಿಸಿ, ಎಷ್ಟು ಉಳಿಯುತ್ತದೆ ಎಂದು ವರದಿ ಮಾಡುವ ಕೆಲಸ ಒಂದು ಎಂ.ಟೆಕ್ ಪ್ರಬಂಧಕ್ಕೆ ಪೂರ್ತಿ ಸಾಕು. ಅಂಥ ವರದಿಯನ್ನು ನಾನು ಸಂತೋಷದಿಂದ ಓದುತ್ತೇನೆ.

ಚಿತ್ರಗಳನ್ನು ಮೋಸಗೊಳಿಸುವ ದಾಳಿಗಳು

2013ರ ಕೊನೆಗೆ ಕ್ರಿಶ್ಚಿಯನ್ ಸೆಗೆಡಿ ಮತ್ತು ಸಂಗಡಿಗರು, ಮನುಷ್ಯರ ಕಣ್ಣಿಗೆ ಗೊತ್ತಾಗದಷ್ಟು ಸಣ್ಣ ಬದಲಾವಣೆಯನ್ನು ಚಿತ್ರದಲ್ಲಿ ಮಾಡಿ ನರಜಾಲ (ನ್ಯೂರಲ್ ನೆಟ್‌ವರ್ಕ್) ಮಾದರಿಯ ಉತ್ತರವನ್ನೇ ತಿರುಗಿಸಬಹುದೆಂದು ತೋರಿಸಿದ ಮೇಲೆ ಈ ಕ್ಷೇತ್ರ ದೊಡ್ಡದಾಗಿ ಬೆಳೆಯಿತು. ನಮ್ಮ ಭಾಗದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೆಕ್ಕೆಜೋಳದ ಎಲೆಯ ರೋಗ ಗುರುತಿಸುವ ಮಾದರಿಯನ್ನು ತಂದು, ಅದನ್ನು ಇಂಥ ದಾಳಿಯಿಂದ ಕಾಯುತ್ತೇನೆ ಎನ್ನುತ್ತಾರೆ. ಆಗ ನಾನು ಕೇಳುವುದು: ರೈತರು ತಮ್ಮ ಹೊಲದ ಎಲೆಯ ಫೋಟೋವನ್ನು ತಾವೇ ಯಾಕೆ ತಿರುಚುತ್ತಾರೆ? ಎದುರಾಳಿ ಯಾರು, ಅವನಿಗೆ ಏನು ಲಾಭ, ಅವನ ಕೈಗೆ ಏನೇನು ಸಿಗುತ್ತದೆ ಎಂಬುದನ್ನು ಮೊದಲು ಬರೆಯದೆ ಈ ವಿಷಯಕ್ಕೆ ಕೈ ಹಾಕಬಾರದು. ಕಲಿಕೆಯ ದತ್ತಾಂಶಕ್ಕೇ ವಿಷ ಬೆರೆಸುವ ದಾಳಿಯಾದರೆ ಮಾತು ಬೇರೆ. ಔಷಧಿಯ ಮಾರಾಟದಲ್ಲಿ ಲಾಭವಿರುವವರು ಆರೋಗ್ಯವಂತ ಎಲೆಗಳಿಗೆ ರೋಗದ ಲೇಬಲ್ ಹಾಕಿ ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಬಹುದೆಂದು ಊಹಿಸುವುದು ಕಷ್ಟವಲ್ಲ.

ರಕ್ಷಣೆಯ ಹೊಸ ವಿಧಾನವನ್ನು ಕಂಡುಹಿಡಿಯುವುದು ಬಲು ಕಷ್ಟದ ಹಾದಿ. 2018ರಲ್ಲಿ ಅನೀಶ್ ಅಥಲ್ಯೆ, ನಿಕೋಲಸ್ ಕಾರ್ಲಿನಿ, ಡೇವಿಡ್ ವ್ಯಾಗ್ನರ್ ಸೇರಿ, ಅದೇ ವರ್ಷ ದೊಡ್ಡ ಸಮ್ಮೇಳನವೊಂದಕ್ಕೆ ಆಯ್ಕೆಯಾಗಿದ್ದ 9 ರಕ್ಷಣಾ ವಿಧಾನಗಳನ್ನು ಪರೀಕ್ಷಿಸಿ, ಅವುಗಳಲ್ಲಿ 6ನ್ನು ಪೂರ್ತಿಯಾಗಿಯೂ ಒಂದನ್ನು ಭಾಗಶಃವಾಗಿಯೂ ಮುರಿದರು. 2020ರಲ್ಲಿ ಕಾರ್ಲಿನಿಯೂ ಇದ್ದ ಇನ್ನೊಂದು ಗುಂಪು ಇನ್ನೂ 13ನ್ನು ಮುರಿಯಿತು. ಇವುಗಳನ್ನು ಕಟ್ಟಿದವರು ದೊಡ್ಡ ಪ್ರಯೋಗಾಲಯಗಳ ನುರಿತವರು. ಜೊತೆಗೆ ಯಂತ್ರದ ಖರ್ಚೂ ಇದೆ: ದಾಳಿಯನ್ನು ತೋರಿಸುತ್ತಲೇ ಕಲಿಸುವ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ಏಳು ಸಲ ದಾಳಿಯ ಲೆಕ್ಕ ಮಾಡಿದರೆ ಒಟ್ಟು ಕಲಿಕೆಯ ಸಮಯ ಸುಮಾರು ಎಂಟು ಪಟ್ಟಾಗುತ್ತದೆ. ಕ್ಯಾಗಲ್‌ನಲ್ಲೋ ಕೊಲ್ಯಾಬ್‌ನಲ್ಲೋ ಅಂತರಜಾಲದ ಮೂಲಕ ಸಿಗುವ ಉಚಿತ ಯಂತ್ರದ ಗಂಟೆಗಳಲ್ಲಿ ಇದನ್ನು ಮುಗಿಸಲು ಹೋದರೆ ಅರ್ಧದಲ್ಲೇ ನಿಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಈಗಾಗಲೇ ಕಲಿತ ಮಾದರಿಗಳು ರೋಬಸ್ಟ್‌ಬೆಂಚ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಸಿಗುತ್ತವೆ; ಅವುಗಳ ಮೇಲೆ ದಾಳಿಯ ಮೌಲ್ಯಮಾಪನ ಮಾಡುವ ವಿಷಯವಾದರೆ ಒಂದೇ ಜಿ.ಪಿ.ಯು. (ಇಂಥ ಲೆಕ್ಕಗಳನ್ನು ವೇಗವಾಗಿ ಮಾಡುವ ಚಿಪ್) ಸಾಕು.

ಗಣಿತದಿಂದ ಖಾತ್ರಿಪಡಿಸುವ ದಾರಿ

ಇದೇ ಪ್ರಶ್ನೆಗೆ ಇನ್ನೊಂದು ಉತ್ತರವಿದೆ, ನಮ್ಮ ಕಡೆ ಅದನ್ನು ಆಯ್ದುಕೊಳ್ಳುವವರು ಕಡಿಮೆ. ಸಾವಿರ ದಾಳಿ ಮಾಡಿ ನೋಡಿದೆ, ಮುರಿಯಲಿಲ್ಲ ಎನ್ನುವುದರ ಬದಲು, ಈ ಮಿತಿಯೊಳಗಿನ ಯಾವ ಬದಲಾವಣೆಯೂ ಈ ಮಾದರಿಯ ಉತ್ತರವನ್ನು ತಿರುಗಿಸಲಾರದು ಎಂದು ಸಾಧಿಸಿ ತೋರಿಸುವ ದಾರಿ ಅದು. 2017ರಲ್ಲಿ ರೆಲುಪ್ಲೆಕ್ಸ್ ಎಂಬ ವಿಧಾನವನ್ನು ಮಂಡಿಸಿದವರು ತೆಗೆದುಕೊಂಡ ಉದಾಹರಣೆ, ಮಾನವರಹಿತ ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾಗದಂತೆ ಸೂಚನೆ ಕೊಡುವ ಎಕಾಸ್-ಎಕ್ಸ್‌ಯು ವ್ಯವಸ್ಥೆಯ 45 ಪುಟ್ಟ ನರಜಾಲಗಳು. ಒಂದೊಂದರಲ್ಲೂ 300 ಒಳಕೋಶಗಳು ಮಾತ್ರ. ಚಳ್ಳಕೆರೆ ತಾಲ್ಲೂಕಿನ ಡಿ.ಆರ್.ಡಿ.ಒ. ಪರೀಕ್ಷಾ ವಲಯದಲ್ಲಿ 2016ರ ನವೆಂಬರ್‌ನಲ್ಲಿ ರುಸ್ತುಂ-2 ಮೊದಲ ಸಲ ಹಾರಿದ ಜಿಲ್ಲೆ ನಮ್ಮದು. ಚಾಲಕನಿಲ್ಲದ ವಿಮಾನದ ತೀರ್ಮಾನವನ್ನು ನಂಬಬಹುದೇ ಎಂಬುದು ಇಲ್ಲಿಯವರಿಗೆ ದೂರದ ಪ್ರಶ್ನೆಯಾಗಬೇಕಿಲ್ಲ.

ಈ ದಾರಿಯ ದೊಡ್ಡ ಅನುಕೂಲವೆಂದರೆ ಸಣ್ಣ ಜಾಲಗಳಿಗೆ ಸಾಧಾರಣ ಕಂಪ್ಯೂಟರ್ ಸಾಕು, ಸಾಧನಗಳು ಉಚಿತ, ಪರೀಕ್ಷೆಯ ಸಮಸ್ಯೆಗಳು 2020ರಿಂದ ನಡೆಯುತ್ತಿರುವ ವಾರ್ಷಿಕ ಸ್ಪರ್ಧೆಯಲ್ಲಿ ಸಿದ್ಧವಾಗಿ ಸಿಗುತ್ತವೆ. ನನ್ನ ಅಳತೆಗೋಲಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ವಿಷಯವಿಲ್ಲ: ಸಾಧನೆ ಸರಿಯಿಲ್ಲದಿದ್ದರೆ ಒಂದೇ ಒಂದು ಪ್ರತ್ಯುದಾಹರಣೆ ಅದನ್ನು ಉರುಳಿಸುತ್ತದೆ, ಆ ಉದಾಹರಣೆಯನ್ನು ನೀವೇ ಹುಡುಕಬಹುದು. ಕಷ್ಟವೆಂದರೆ ಗಣಿತ. ರೇಖೀಯ ಬೀಜಗಣಿತ, ಲೀನಿಯರ್ ಪ್ರೋಗ್ರಾಮಿಂಗ್, ತರ್ಕ ಇವುಗಳಲ್ಲಿ ಒಂದು ವರ್ಷ ಕೂತು ಕಲಿಯಬೇಕು. ಪಿಎಚ್.ಡಿ.ಗೆ ಸರಿ; ಎಂ.ಟೆಕ್‌ನ ಅವಧಿ ಅದಕ್ಕೆ ಸಾಲದು.

ಖಾಸಗಿತನ: ಎರಡು ವಿಧಾನ, ಎರಡು ಭರವಸೆ

ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳೂ ಬಹಳಷ್ಟು ಆಸ್ಪತ್ರೆಗಳೂ ಇರುವುದರಿಂದ ಫೆಡರೇಟೆಡ್ ಲರ್ನಿಂಗ್ ಎಂಬ ಹೆಸರು ಸಾರಾಂಶಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ರೋಗಿಗಳ ಎಕ್ಸ್-ರೇ ಆಸ್ಪತ್ರೆಯಲ್ಲೇ ಉಳಿಯುತ್ತದೆ, ಮಾದರಿಯ ತಿದ್ದುಪಡಿಗಳು ಮಾತ್ರ ಹೊರಗೆ ಹೋಗುತ್ತವೆ, ಆದ್ದರಿಂದ ಖಾಸಗಿತನ ಸುರಕ್ಷಿತ ಎಂಬುದು ವಾದ. ಈ ವಾದ ಅರ್ಧ ಮಾತ್ರ ನಿಜ. ಆ ತಿದ್ದುಪಡಿಗಳಿಂದಲೇ ಮೂಲ ಚಿತ್ರವನ್ನು ಮರಳಿ ಕಟ್ಟಬಹುದೆಂದು 2019ರಲ್ಲಿ ತೋರಿಸಲಾಗಿದೆ. ಮೇಲಾಗಿ ಆಸ್ಪತ್ರೆಗಳ ಅನುಮತಿ, ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಕೆಲಸ ಆರಂಭವಾಗದು. ಅಷ್ಟು ಕಾಯಲಾರದೆ ಒಂದೇ ಸಾರ್ವಜನಿಕ ದತ್ತಾಂಶವನ್ನು ಐದು ತುಂಡು ಮಾಡಿ ಐದು ಆಸ್ಪತ್ರೆಗಳೆಂದು ಕರೆಯುವ ಪ್ರಬಂಧಗಳು ಹೆಚ್ಚಾಗಿವೆ. ಬೇರೆ ಬೇರೆ ಯಂತ್ರ, ಬೇರೆ ಬೇರೆ ರೋಗಿಗಳಿಂದ ಬರುವ ವ್ಯತ್ಯಾಸವೇ ಈ ವಿಷಯದ ತಿರುಳು. ತುಂಡು ಮಾಡಿದ ದತ್ತಾಂಶದಲ್ಲಿ ಅದು ಇರುವುದೇ ಇಲ್ಲ.

ಉತ್ತರಗಳಿಗೆ ಲೆಕ್ಕಹಾಕಿದ ಗೊಂದಲ ಬೆರೆಸಿ ಒಬ್ಬೊಬ್ಬರ ಗುಟ್ಟು ಕಾಯುವ ಡಿಫರೆನ್ಷಿಯಲ್ ಪ್ರೈವಸಿ ಬೇರೆ ಜಾತಿಯದು. ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೆ ಖಚಿತವಾದ ಗಣಿತದ ರೂಪ ಕೊಟ್ಟರು; ಅಮೆರಿಕದ 2020ರ ಜನಗಣತಿಯ ಪ್ರಕಟಣೆಗಳಲ್ಲಿ ಇದನ್ನು ಬಳಸಿದರು. ಇದರ ಮೂಲದಲ್ಲಿರುವ ಉಪಾಯ ಇನ್ನೂ ಹಳೆಯದು, 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಸಮೀಕ್ಷೆಗಳಿಗಾಗಿ ಯೋಚಿಸಿದ್ದು. ಇದನ್ನು ತರಗತಿಯಲ್ಲಿ ಒಂದು ರೂಪಾಯಿಯ ನಾಣ್ಯದಿಂದಲೇ ತೋರಿಸಬಹುದು. ಆನ್‌ಲೈನ್ ವಂಚನೆಯಲ್ಲಿ ದುಡ್ಡು ಕಳೆದುಕೊಂಡಿದ್ದೀರಾ ಎಂದು ಕೇಳಿದರೆ ಮರ್ಯಾದೆಗೆ ಅಂಜಿ ಬಹಳ ಜನ ಇಲ್ಲವೆನ್ನುತ್ತಾರೆ. ಅದಕ್ಕೆ ಬದಲು, ಯಾರಿಗೂ ತೋರಿಸದೆ ನಾಣ್ಯ ಚಿಮ್ಮಿ, ತಲೆ ಬಿದ್ದರೆ ನಿಜ ಹೇಳಿ, ಇಲ್ಲವಾದರೆ ಇನ್ನೊಮ್ಮೆ ಚಿಮ್ಮಿ ತಲೆಗೆ ಹೌದು, ಬಾಲಕ್ಕೆ ಇಲ್ಲ ಎಂದುಬಿಡಿ ಎಂದು ಹೇಳುತ್ತೇವೆ. 400 ಜನರಲ್ಲಿ 140 ಜನ ಹೌದೆಂದರೆಂದು ಇಟ್ಟುಕೊಳ್ಳಿ. ಸುಮಾರು 200 ಜನರ ಉತ್ತರ ನಾಣ್ಯದ್ದು, ಅದರಲ್ಲಿ 100 ಹೌದುಗಳು. ಉಳಿದ 40 ಹೌದುಗಳು ನಿಜ ಹೇಳಿದ 200 ಜನರಿಂದ ಬಂದವು, ಅಂದರೆ ನೂರಕ್ಕೆ 20 ಜನ ಮೋಸಹೋಗಿದ್ದಾರೆ. ಊರಿನ ಲೆಕ್ಕ ಸಿಕ್ಕಿತು, ಆದರೆ ನಿಮ್ಮ ಮುಂದೆ ನಿಂತ ವ್ಯಕ್ತಿಯ ಹೌದು ನಿಜವೋ ನಾಣ್ಯದ್ದೋ ಯಾರಿಗೂ ಗೊತ್ತಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ನೇರವಾಗಿ ಕೇಳಿ ನಿಜವಾದ ಉತ್ತರ ಪಡೆದಿದ್ದರೆ ಅಂದಾಜಿನಲ್ಲಿ ಎಷ್ಟು ತಪ್ಪು ಇರುತ್ತಿತ್ತೋ ಅದರ ಎರಡು ಪಟ್ಟಿಗಿಂತ ಹೆಚ್ಚು ತಪ್ಪು ಇಲ್ಲಿರುತ್ತದೆ.

ಈ ಬೆಲೆಯನ್ನು ಅಳೆಯಬಹುದು, ಸಾಧಿಸಿ ತೋರಿಸಬಹುದು, ಬೇರೆಯವರು ಪರಿಶೀಲಿಸಬಹುದು. ಹಾಗಾಗಿ ಎರಡರಲ್ಲಿ ಒಂದನ್ನು ಕೇಳಿದರೆ ನಾನು ಡಿಫರೆನ್ಷಿಯಲ್ ಪ್ರೈವಸಿಯನ್ನೇ ಹೇಳುತ್ತೇನೆ; ಆಸ್ಪತ್ರೆಯೊಂದರ ಜೊತೆ ಮೊದಲೇ ಲಿಖಿತ ಒಪ್ಪಂದವಿರುವವರಿಗೆ ಮಾತ್ರ ಫೆಡರೇಟೆಡ್ ದಾರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಟ್ಟಿದೆ ನಿಜ, ಆದರೆ ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡಬಾರದು, ನಿಗದಿತ ಮಾನದಂಡಗಳನ್ನು ಪಾಲಿಸಬೇಕು ಎಂಬ ಷರತ್ತಿನ ಮೇಲೆ.

ಕನ್ನಡ ಮತ್ತು ದೊಡ್ಡ ಭಾಷಾ ಮಾದರಿಗಳು

ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಮ್ಮವರು ಗಮನಿಸದೆ ಬಿಟ್ಟಿರುವ ವಿಷಯ ಇದು, ಮತ್ತು ಈ ಊರಿನ ಸಂಶೋಧನಾರ್ಥಿಗೆ ಜಗತ್ತಿನ ಬೇರೆ ಯಾರಿಗೂ ಇಲ್ಲದ ಅನುಕೂಲವಿರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಚಾಟ್‌ಜಿಪಿಟಿಯ ಹಿಂದಿರುವಂಥ ಭಾಷಾ ಮಾದರಿಗಳ ಮೂಲ ತೊಂದರೆಯನ್ನು 2022ರಿಂದ ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರಿನಿಂದ ಗುರುತಿಸುತ್ತಾರೆ. ಮಾದರಿಗೆ ಯಜಮಾನ ಕೊಟ್ಟ ಆಜ್ಞೆಯೂ, ಓದಲು ಕೊಟ್ಟ ಪತ್ರದೊಳಗಿನ ಮಾತೂ ಒಂದೇ ಸಾಲಿನಲ್ಲಿ ಹೋಗುತ್ತವೆ. ಪತ್ರದಲ್ಲೇ ಯಾರಾದರೂ ಆಜ್ಞೆ ಬರೆದಿಟ್ಟರೆ ಮಾದರಿ ಅದನ್ನು ಪಾಲಿಸಿಬಿಡಬಹುದು. ದತ್ತಸಂಚಯಕ್ಕೆ ಕಳ್ಳ ಆಜ್ಞೆ ತುರುಕುವ ಹಳೆಯ ದಾಳಿಯಾದ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ ಆಜ್ಞೆಯನ್ನೂ ದತ್ತಾಂಶವನ್ನೂ ಬೇರ್ಪಡಿಸುವ ಖಚಿತ ಪರಿಹಾರ ಸಿಕ್ಕಿತು. ಇದಕ್ಕೆ ಅಂಥ ಪರಿಹಾರ ಇನ್ನೂ ಸಿಕ್ಕಿಲ್ಲ. ಭಾಷೆ ಬದಲಾದರೆ ಕಾವಲು ಇನ್ನೂ ಸಡಿಲ. 2023ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷಿನಲ್ಲಿ ಕೇಳಿದರೆ ಜಿಪಿಟಿ-4 ನಿರಾಕರಿಸುವ ಹಾನಿಕರ ಕೋರಿಕೆಗಳನ್ನು ಜುಲು ಮೊದಲಾದ, ಜಾಲದಲ್ಲಿ ಬರಹ ಕಡಿಮೆಯಿರುವ ಭಾಷೆಗಳಿಗೆ ಅನುವಾದಿಸಿ ಕೇಳಿದಾಗ, ಆ ಭಾಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ 79% ಸಲ ಕಾವಲು ದಾಟಿತು. ಅದೇ ಪ್ರಯೋಗವನ್ನು ಕನ್ನಡದಲ್ಲಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಎರಡೂ ಬೆರೆಸಿ ಬರೆದು ಮಾಡಿ ನೋಡುವುದಕ್ಕೆ ಕನ್ನಡ ಬಲ್ಲವರೇ ಬೇಕು. ಉತ್ತರ ನಿಜವಾಗಿ ಅಪಾಯಕಾರಿಯೋ ಅಥವಾ ಅರ್ಥವಿಲ್ಲದ ವಾಕ್ಯಗಳ ರಾಶಿಯೋ ಎಂದು ಓದಿ ಹೇಳಬೇಕಾದವರೂ ಅವರೇ.

ಲಿಪಿಯೊಳಗೇ ಒಂದು ಸೂಕ್ಷ್ಮವಿದೆ. ಚಿತ್ರದುರ್ಗದವರಿಗೆ ಹತ್ತಿರದ "ಕೋಟೆ" ಎಂಬ ಪದವನ್ನೇ ನೋಡಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಖ್ಯೆಯ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಇದರ ಮೊದಲ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಊಕಾರದ ಚಿಹ್ನೆ, ದೀರ್ಘ ಎಂದು ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಮೊದಲನೆಯದರಲ್ಲಿ ಪದಕ್ಕೆ ನಾಲ್ಕು ಸಂಕೇತ, ಎರಡನೆಯದರಲ್ಲಿ ಆರು. ಪರದೆಯ ಮೇಲೆ ಎರಡೂ ಒಂದೇ ಕೋಟೆ. ಮಾದರಿಗೆ ಮಾತ್ರ ಎರಡು ಬೇರೆ ಸರಣಿಗಳು. ಯೂನಿಕೋಡ್‌ನ ಸಾಮಾನ್ಯೀಕರಣ ನಿಯಮದಿಂದ ಇದನ್ನು ಸರಿಪಡಿಸಬಹುದು, ಆದರೆ ಫಿಲ್ಟರ್ ಬರೆದವರು ಆ ಹೆಜ್ಜೆಯನ್ನು ಮರೆತರೆ ನಿಷೇಧಿತ ಪದಗಳ ಪಟ್ಟಿ ಕೆಲಸಕ್ಕೆ ಬಾರದು.

ಇದಕ್ಕಿಂತ ಗಟ್ಟಿಯಾದ ಗಂಟು ಕಣ್ಣಿಗೆ ಕಾಣದ ಅಕ್ಷರಗಳದು. ಪಠ್ಯದ ನಡುವೆ ಶೂನ್ಯ ಅಗಲದ ಅಕ್ಷರಗಳನ್ನು ಸೇರಿಸಿ ಭಾಷಾ ಮಾದರಿಗಳನ್ನು ದಾರಿತಪ್ಪಿಸಬಹುದೆಂದು 2022ರಲ್ಲಿ ಪ್ರಕಟವಾದ ಒಂದು ಪ್ರಬಂಧ ತೋರಿಸಿತು. ಕಾಣದ ಅಕ್ಷರಗಳನ್ನೆಲ್ಲ ಅಳಿಸಿಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ರಕ್ಷಣೆ. ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ ಅವೇ ಅಕ್ಷರಗಳು ಬರವಣಿಗೆಯ ಅಂಗ. "ರಾಜ್‌ಕುಮಾರ್" ಎಂಬ ಹೆಸರಿನಲ್ಲಿ ಜ ಮತ್ತು ಕ ಒತ್ತಾಗದಂತೆ ತಡೆದಿರುವುದು ಒಂದು ಕಾಣದ ಅಕ್ಷರ. ಅಳಿಸಿದರೆ "ರಾಜ್ಕುಮಾರ್" ಆಗುತ್ತದೆ. "ರ‍್ಯಾಂಕ್" ಎಂಬುದರಲ್ಲಿ ಇನ್ನೊಂದು ಬಗೆಯ ಕಾಣದ ಅಕ್ಷರವಿದೆ. ಅಳಿಸಿದರೆ ಅರ್ಕಾವತ್ತು ಬಂದು "ರ್ಯಾಂಕ್" ಆಗುತ್ತದೆ. ಲ್ಯಾಬಿನಲ್ಲಿ ವಿದ್ಯಾರ್ಥಿಗಳ ಮುಂದೆ ಇದನ್ನು ಅಳಿಸಿ ತೋರಿಸಿದಾಗ ಪದ ಕಣ್ಣೆದುರೇ ಬದಲಾಗುವುದನ್ನು ಕಂಡು ಅವರು ಎದ್ದು ಬಂದು ತಾವೇ ಕೀಲಿಮಣೆ ಹಿಡಿದರು. ಭಾಷೆಯನ್ನು ಕೆಡಿಸದೆ, ಸಹಜವಾಗಿ ಬಂದ ಕಾಣದ ಅಕ್ಷರವನ್ನೂ ದಾಳಿಗಾಗಿ ತುರುಕಿದ್ದನ್ನೂ ಬೇರ್ಪಡಿಸುವುದು ಹೇಗೆ? ಪಿಎಚ್.ಡಿ.ಯ ಒಂದು ಪೂರ್ತಿ ಅಧ್ಯಾಯ ಈ ಒಂದು ಪ್ರಶ್ನೆಯಲ್ಲಿದೆ.

ಯಂತ್ರದ ಮಾತಿಗೆ ಬಂದರೆ, ಯೂನಿಕೋಡ್ ಸಂಕೇತಗಳನ್ನು ಕಡತದಲ್ಲಿ ಬರೆಯುವ ಯು.ಟಿ.ಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. "ದಾವಣಗೆರೆ" ಕನ್ನಡ ಲಿಪಿಯಲ್ಲಿ 24 ಬೈಟ್, ಇಂಗ್ಲಿಷ್ ಅಕ್ಷರಗಳಲ್ಲಿ 10. ಹಾಗಾಗಿ ಕನ್ನಡಕ್ಕೆ ಟೋಕನ್‌ಗಳು (ಮಾದರಿ ಓದುವ ಪಠ್ಯದ ತುಣುಕುಗಳು) ಹೆಚ್ಚು ಖರ್ಚಾಗುವುದನ್ನು ಲೆಕ್ಕದಲ್ಲಿಡಬೇಕು. ಹಣ ಕೊಟ್ಟು ಬಳಸುವ ಸೇವೆಗಳ ಬದಲು ಗೆಮ್ಮಾ, ಲಾಮಾ, ಸರ್ವಂ-1ರಂಥ ಇಳಿಸಿಕೊಳ್ಳಬಹುದಾದ ಸಣ್ಣ ಮಾದರಿಗಳನ್ನೇ ತೆಗೆದುಕೊಳ್ಳಿ. ಸೇವೆಯ ಹಿಂದಿನ ಮಾದರಿ ನಿಮಗೆ ತಿಳಿಯದಂತೆ ಬದಲಾದರೆ ಆರು ತಿಂಗಳ ಹಿಂದಿನ ನಿಮ್ಮ ಫಲಿತಾಂಶವನ್ನು ನೀವೇ ಮತ್ತೆ ಪಡೆಯಲಾರಿರಿ. 2 ಶತಕೋಟಿ ನಿಯತಾಂಕಗಳ (ಕಲಿತ ಸಂಖ್ಯೆಗಳ) ಸರ್ವಂ-1ನ್ನು, ಪ್ರತಿ ಸಂಖ್ಯೆಯನ್ನೂ ಕುಗ್ಗಿಸಿ, ನಾಲ್ಕು ಬಿಟ್‌ಗೆ ಇಳಿಸಿದರೆ ಸಾಧಾರಣ ಜಿ.ಪಿ.ಯು. ಮೇಲೆಯೇ ಓಡುತ್ತದೆ.

ಎಂ.ಟೆಕ್‌ನವರಿಗೆ ಇದೇ ಹೊಲದಲ್ಲಿ ಸಣ್ಣ ಕೆಲಸವೂ ಇದೆ. ಇಂದು ರಾತ್ರಿ ವಿದ್ಯುತ್ ಕಡಿತವಾಗುತ್ತದೆ, ಸಂಚಾರ ದಂಡ ಬಾಕಿಯಿದೆ, ಈ ಆಪ್ ಇಳಿಸಿಕೊಳ್ಳಿ ಎಂದು ಬರುವ ವಂಚನೆಯ ಸಂದೇಶಗಳನ್ನು ಮನೆಯವರ, ನೆರೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಸಂಖ್ಯೆಗಳನ್ನು ಮರೆಮಾಡಿ, ಬಂದ ತಾರೀಖಿನ ಸಮೇತ ಸಂಗ್ರಹಿಸುವುದು. ತಾರೀಖು ಬಹಳ ಮುಖ್ಯ, ಏಕೆಂದರೆ ಹಳೆಯ ಸಂದೇಶಗಳಿಂದ ಕಲಿತ ಮಾದರಿ ಹೊಸ ಬಗೆಯ ವಂಚನೆಯನ್ನು ಹಿಡಿಯುತ್ತದೆಯೇ ಎಂದು ನೋಡುವುದು ಅದರಿಂದಲೇ. ಐನೂರು ಸಂದೇಶಗಳ ಪ್ರಾಮಾಣಿಕ ಸಂಗ್ರಹ, ಎಲ್ಲಿಂದಲೋ ಇಳಿಸಿಕೊಂಡ ಐದು ಲಕ್ಷ ಸಾಲುಗಳಿಗಿಂತ ನನಗೆ ಬೆಲೆಯುಳ್ಳದ್ದು.

ವಿವರಣೆ ಕೊಡುವ ಮಾದರಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2016ರ ಲೈಮ್, 2017ರ ಶಾಪ್ ಎಂಬ, ಮಾದರಿ ಹಾಗೇಕೆ ಹೇಳಿತೆಂದು ತೋರಿಸುವ ಸಾಧನಗಳನ್ನು ಯಾವುದಾದರೂ ಮಾದರಿಗೆ ಅಂಟಿಸಿ ಬಣ್ಣದ ಪಟ್ಟಿಗಳನ್ನು ಮುದ್ರಿಸಿದರೆ ಅದು ಸಂಶೋಧನೆಯಾಗದು. ಪಕ್ಷಪಾತವಿರುವ ಮಾದರಿಯೊಂದು ಈ ಎರಡೂ ಸಾಧನಗಳಿಗೆ ಸುಳ್ಳು ವಿವರಣೆ ಕೊಟ್ಟು ತಪ್ಪಿಸಿಕೊಳ್ಳಬಲ್ಲದೆಂದು 2020ರಲ್ಲಿ ತೋರಿಸಿದ್ದಾರೆ. ಮಹತ್ವದ ತೀರ್ಮಾನಗಳಿಗೆ ಮೊದಲಿನಿಂದಲೇ ಅರ್ಥವಾಗುವ ಸರಳ ಮಾದರಿಯನ್ನೇ ಬಳಸಿ ಎಂದು ಸಿಂಥಿಯಾ ರೂಡಿನ್ 2019ರಲ್ಲಿ ವಾದಿಸಿದರು. ಈ ವಿಷಯ ಬೇಕೆನ್ನುವವರು ಆ ವಾದಕ್ಕೆ ಉತ್ತರ ಕೊಟ್ಟು ಮುಂದೆ ಹೋಗಬೇಕು.

ಎಲ್ಲಿ ಕೂತು ಮಾಡುವುದು

2022ರ ಯು.ಜಿ.ಸಿ. ನಿಯಮಗಳ ಪ್ರಕಾರ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3, ಗರಿಷ್ಠ 6 ವರ್ಷ. ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಮಾಡಲು ಅವಕಾಶವಿದೆ, ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ವಾರಕ್ಕೆ ಹದಿನಾರು ಗಂಟೆ ಪಾಠ, ಅದರ ಮೇಲೆ ಮೌಲ್ಯಮಾಪನ, ಮಾನ್ಯತಾ ಸಮಿತಿಯ ಕಡತಗಳು ಇರುವ ಉಪನ್ಯಾಸಕರಿಗೆ ವಾರದಲ್ಲಿ ನಿಜವಾಗಿ ಉಳಿಯುವುದು ಎಂಟು ಹತ್ತು ಗಂಟೆ. ಅಷ್ಟರಲ್ಲಿ ಗಣಿತದ ಖಾತ್ರಿಯ ವಿಷಯ ನಿಧಾನವಾಗಿಯಾದರೂ ಸಾಗುತ್ತದೆ, ಕನ್ನಡದ ವಿಷಯವೂ ಸಾಗುತ್ತದೆ. ವಾರಕ್ಕೊಂದು ಹೊಸ ದಾಳಿ ಪ್ರಕಟವಾಗುವ ವಿಷಯಗಳಲ್ಲಿ ಓಡಿದರೂ ಹಿಂದೆಯೇ ಉಳಿಯುತ್ತೀರಿ. ಪೂರ್ಣಾವಧಿ ಹೋಗಲು ಸಾಧ್ಯವಿರುವ ಅಧ್ಯಾಪಕರು ಎ.ಐ.ಸಿ.ಟಿ.ಇ.ಯ ಗುಣಮಟ್ಟ ಸುಧಾರಣಾ ಕಾರ್ಯಕ್ರಮವನ್ನು ವಿಚಾರಿಸಬೇಕು. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಐ.ಐ.ಎಸ್‌ಸಿ.ಯ ಕ್ಯಾಂಪಸ್ ಇರುವುದರಿಂದ ಅಲ್ಲಿಯೇ ಈ ಪಿಎಚ್.ಡಿ. ಆಗುತ್ತದೆಂದು ಕೆಲವರು ತಿಳಿದಿದ್ದಾರೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ ಶಿಕ್ಷಕರಿಗೆ ತರಬೇತಿ ಕೊಡುವಂಥದ್ದು, ಕಂಪ್ಯೂಟರ್ ವಿಜ್ಞಾನದ ವಿಭಾಗ ಬೆಂಗಳೂರಿನಲ್ಲಿದೆ.

ಓದುವ ಸಾಮಗ್ರಿಯ ವಿಷಯದಲ್ಲಿ ಊರಿನಲ್ಲಿರುವುದು ಕೊರತೆಯಲ್ಲ. ಯೂಸೆನಿಕ್ಸ್ ಸೆಕ್ಯುರಿಟಿ ಮತ್ತು ಎನ್‌ಡಿಎಸ್‌ಎಸ್ ಸಮ್ಮೇಳನಗಳ ಎಲ್ಲ ಪ್ರಬಂಧಗಳೂ ಉಚಿತ, ಉಳಿದವುಗಳಲ್ಲಿ ಹೆಚ್ಚಿನವು ಉಚಿತ ಪ್ರಬಂಧ ಸಂಗ್ರಹವಾದ ಆರ್ಕೈವ್‌ನಲ್ಲಿ ಸಿಗುತ್ತವೆ. 2025ರ ಜನವರಿಯಿಂದ ಆರಂಭವಾದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ತೆರೆದಿದೆ; ಖಾಸಗಿ ಕಾಲೇಜಿನವರು ತಮ್ಮ ವಿಶ್ವವಿದ್ಯಾಲಯದ ಒಕ್ಕೂಟದ ಮೂಲಕ ಏನು ಸಿಗುತ್ತದೆಂದು ಗ್ರಂಥಪಾಲಕರನ್ನು ಕೇಳಿ ತಿಳಿಯಬೇಕು.

ಯಾವ ವಿಷಯ ಆಯ್ದರೂ ಒಂದು ಗೆರೆಯನ್ನು ದಾಟಬಾರದು. ಅನುಮತಿಯಿಲ್ಲದೆ ಬೇರೆಯವರ ವ್ಯವಸ್ಥೆಯೊಳಗೆ ಹೋಗುವುದು, ಕಲಿಯುವ ಉದ್ದೇಶದಿಂದಲೇ ಆದರೂ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳ ಅಡಿಗೆ ಬರುತ್ತದೆ. ಅಪ್ರಾಮಾಣಿಕವಾಗಿಯೋ ವಂಚನೆಗಾಗಿಯೋ ಮಾಡಿದರೆ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ನಿಮ್ಮ ಕಾಲೇಜಿನ ಜಾಲದ ಮೇಲೆ ಪ್ರಯೋಗ ಮಾಡುವುದಿದ್ದರೂ ಪ್ರಾಂಶುಪಾಲರ ಸಹಿಯಿರುವ ಪತ್ರ ಕಡತದಲ್ಲಿರಬೇಕು, ಅದರಲ್ಲಿ ಯಾವ ಯಂತ್ರ, ಯಾವ ದಿನ, ಎಷ್ಟು ಹೊತ್ತು ಎಂದು ಬರೆದಿರಬೇಕು. ಕೆಲಸದ ನಡುವೆ ಯಾವುದಾದರೂ ಉತ್ಪನ್ನದಲ್ಲಿ ನಿಜವಾದ ದೋಷ ಕಂಡರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸುವ ವ್ಯವಸ್ಥೆಯಿದೆ. ದೋಷ ಸರಿಯಾಗುವವರೆಗೆ ಪ್ರಬಂಧ ಪ್ರಕಟಿಸದೆ ಕಾಯಬೇಕಾಗುತ್ತದೆ, ಆ ಕಾಯುವಿಕೆಯ ತಿಂಗಳುಗಳನ್ನು ನಿಮ್ಮ ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳಿ.